ಮೊದಲು ‘ಯಾವತ್ತಿಂದ?’ ಅಂತ ಕೇಳಿ

ಕೊಡಗು ಜಿಲ್ಲೆಯ ಆರೋಗ್ಯ ಇಲಾಖೆ ಮತ್ತು ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಇರುವವಳು. ನಮ್ಮ ಯಜಮಾನರು ಅಲ್ಲಿ ರೈಟರ್. ಕಥೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್. (ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಘಟ್ಟದ ಆಚೆಯವರು ಓದಿದರೆ ಇರಲಿ ಅಂತ ಬರೆದೆ.) ಇಬ್ಬರು ಮಕ್ಕಳು. ದೊಡ್ಡವನಿಗೆ ಈಗ ಹತ್ತು ವರ್ಷ, ಚಿಕ್ಕವಳಿಗೆ ಏಳು. ಜೊತೆಗೆ ಅತ್ತೆ ಇದ್ದಾರೆ. ದೊಡ್ಡವನಿಗೆ ದಿಢೀರನೆ ಬಂದ ಒಂದು ಕಾಯಿಲೆಯ ವಿಷಯಕ್ಕೇ ಈ ಪತ್ರ. ಅವನ ಹೆಸರು, ಶಾಲೆಯ ಹೆಸರು, ನೋಡಿದ ಡಾಕ್ಟರುಗಳ ಹೆಸರು ಯಾವುದನ್ನೂ ಬರೆಯುವುದಿಲ್ಲ. ಯಾರನ್ನೋ ಸಿಕ್ಕಿಸಿ ಹಾಕುವ ಆಸೆ ನನಗಿಲ್ಲ. ಆದರೆ ನಡೆದದ್ದು ಹೇಳದೆ ಬೇಡಿಕೆ ಮಾತ್ರ ಇಟ್ಟರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾದರೂ ದಯವಿಟ್ಟು ಓದಿ.

2023ರ ಜುಲೈ 12, ಬುಧವಾರ. ಹಿಂದಿನ ರಾತ್ರಿ ಮಗ ಸರಿಯಾಗಿಯೇ ಉಂಡು, ತಂಗಿಯ ಜೊತೆ ಕಂಬಳಿಗೆ ಕಿತ್ತಾಡಿ ಮಲಗಿದ್ದ. ಬೆಳಿಗ್ಗೆ ಐದೂವರೆಗೆ ನನಗೆ ಎಚ್ಚರವಾದಾಗ ಹಾಸಿಗೆಯಲ್ಲಿ ಇಲ್ಲ. ಮುಂಬಾಗಿಲು ತೆಗೆದಿದೆ, ಹೊರಗೆ ಧೋ ಅಂತ ಮಳೆ. ಮನೆಯ ಪಕ್ಕದಲ್ಲೇ ಕಾಫಿ ಒಣಗಿಸುವ ಕಣ. ಮಳೆಗಾಲದಲ್ಲಿ ಅದು ಖಾಲಿ, ಮೇಲೆಲ್ಲಾ ಪಾಚಿ. ಆ ಪಾಚಿಯ ಮೇಲೆ ಬರಿಗಾಲಲ್ಲಿ ಸುತ್ತು ಹೊಡೆಯುತ್ತಿದ್ದ. ಜಾರಿ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಓಡುತ್ತಾನೆ. ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಅವನಿಗೆ ಅದರ ಪರಿವೆ ಇಲ್ಲ. ಹಿಡಿದು ನಿಲ್ಲಿಸಿ ಎರಡು ಬಾರಿಸೋಣ ಅಂತಲೇ ಹೋದೆ, ಸುಳ್ಳು ಹೇಳುವುದಿಲ್ಲ. ಹಿಡಿದಾಗ ಅಳುತ್ತಾ ಒಂದು ಮಾತು ಹೇಳಿದ. “ಅಮ್ಮಾ, ನಿಲ್ಸಕ್ಕೆ ಆಗ್ತಿಲ್ಲ. ಕಾಲು ನನ್ನ ಮಾತು ಕೇಳ್ತಿಲ್ಲ.”

ಆ ಮಾತನ್ನು ಆವತ್ತೇ ನಂಬಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು. ನಾನೂ ನಂಬಲಿಲ್ಲ, ಬೇರೆ ಯಾರೂ ನಂಬಲಿಲ್ಲ.

ಆಮೇಲಿನ ಒಂದು ವಾರದಲ್ಲಿ ಏನೇನು ಬಂತು ಅಂದರೆ, ಊಟಕ್ಕೆ ಕೂತವನು ಎರಡು ತುತ್ತಿಗೊಮ್ಮೆ ಎದ್ದು ಹಿತ್ತಲ ಬಾಗಿಲಿನ ಚಿಲಕ ಮುಟ್ಟಿ ಬರಬೇಕು. ಮುಟ್ಟದಿದ್ದರೆ ಅಪ್ಪನಿಗೆ ಆನೆ ತುಳಿಯುತ್ತದೆ ಅಂತ ಹೆದರಿಕೆ. ಕಣ್ಣು ಪಟಪಟ ಹೊಡೆಯುವುದು, ಗಂಟಲು ಕೆರೆಯುವ ಸದ್ದು. ಹತ್ತು ನಿಮಿಷಕ್ಕೊಮ್ಮೆ ಮೂತ್ರಕ್ಕೆ ಓಡುವುದು. ರಾತ್ರಿ ಒಂದು ಗಂಟೆಗೆ ಎದ್ದು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಹಾರುವುದು. ಮೂರನೇ ಕ್ಲಾಸಿನ ಹುಡುಗ, ದುಂಡಗೆ ಬರೆಯುತ್ತಿದ್ದವನ ಅಕ್ಷರ ಒಂದೇ ವಾರದಲ್ಲಿ ಕೋಳಿ ಕೆದಕಿದ ಹಾಗಾಯಿತು. ಎರಡೂ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ, ಬೇಕಾದರೆ ತೋರಿಸುತ್ತೇನೆ.

ಶಾಲೆಯಿಂದ ಡೈರಿಯಲ್ಲಿ ದಿನಾ ಕೆಂಪು ಶಾಯಿ. ಒಂದು ಜಾಗದಲ್ಲಿ ಕೂರುವುದಿಲ್ಲ, ಬೆಂಚು ಹತ್ತುತ್ತಾನೆ, ಕೇಳದೆ ಹೊರಗೆ ಓಡುತ್ತಾನೆ. ಒಂದು ದಿನ ಬೆಂಚಿನ ಮೇಲೆ ನಿಲ್ಲಿಸಿದರಂತೆ. ನಿಲ್ಲಲು ಆಗದ ಮಗುವಿಗೆ ನಿಲ್ಲುವ ಶಿಕ್ಷೆ! ಮೂರು ವಾರವಾದ ಮೇಲೆ ನಮ್ಮನ್ನು ಕರೆಸಿ, ಸರಿಯಾಗುವ ತನಕ ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಮೆತ್ತಗೇ ಹೇಳಿದರು, ಗದರಲಿಲ್ಲ. ಕಾಗದದಲ್ಲಿ ಏನೂ ಬರೆದು ಕೊಡಲಿಲ್ಲ. ಐದು ತಿಂಗಳು ಮಗು ಮನೆಯಲ್ಲೇ ಇತ್ತು.

ಊರಿನವರ ಮಾತು ಬೇರೆ. ಮುದ್ದು ಮಾಡಿ ಹಾಳು ಮಾಡಿದ್ದೀರಿ ಅಂದರು. ಮೊಬೈಲ್ ಜಾಸ್ತಿ ಕೊಟ್ಟಿರಬೇಕು ಅಂದರು. ಗಾಳಿ ಸೋಕಿದೆ ಅಂತ ತಾಯತವೂ ಕಟ್ಟಿಸಿದರು, ಕಟ್ಟಿಸಿಕೊಂಡೆ, ಬೇಡ ಅನ್ನುವ ಧೈರ್ಯ ಆಗ ಎಲ್ಲಿತ್ತು? ಹತ್ತಿರದ ಡಾಕ್ಟರು ಹುಡುಗನನ್ನು ಎರಡು ನಿಮಿಷ ನೋಡಿ, ಕೆಲವು ಮಕ್ಕಳು ಹೀಗೇ, ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇರಬಹುದು, ದೊಡ್ಡವನಾದ ಮೇಲೆ ಕಡಿಮೆಯಾಗುತ್ತದೆ ಅಂದರು. ಎರಡನೆಯವರೂ ಅದನ್ನೇ ಹೇಳಿ ಮಾತ್ರೆ ಬರೆದರು. ಎಡಿಎಚ್‌ಡಿ ಅನ್ನುವುದು ನಿಜವಾದ ತೊಂದರೆ, ಅದಿರುವ ಮಕ್ಕಳಿಗೂ ಸಹಾಯ ಸಿಗಲೇಬೇಕು. ಆದರೆ ಅದು ಮಂಗಳವಾರ ರಾತ್ರಿ ಇಲ್ಲದೆ ಬುಧವಾರ ಬೆಳಿಗ್ಗೆ ಬರುವ ಕಾಯಿಲೆ ಅಲ್ಲವಂತೆ. ಇದನ್ನು ನನಗೆ ಹೇಳಿದ್ದು ನಾಲ್ಕನೇ ಡಾಕ್ಟರು, ಬೆಂಗಳೂರಿನಲ್ಲಿ, ನವೆಂಬರ್ ತಿಂಗಳಲ್ಲಿ.

ಅವರು ಹುಡುಗ ಏನು ಮಾಡುತ್ತಾನೆ ಅಂತ ಮೊದಲು ಕೇಳಲೇ ಇಲ್ಲ. “ಯಾವತ್ತಿಂದ?” ಅಂತ ಕೇಳಿದರು. ನಾನು ಜುಲೈ ಅಂದೆ. “ಜುಲೈ ಎಷ್ಟನೇ ತಾರೀಖು?” ಅಂದರು. ಆಗ ನಮ್ಮ ಯಜಮಾನರು ಚೀಲದಿಂದ ಆಳುಗಳ ಹಾಜರಿಯ ಹಳೇ ಚೆಕ್‌ರೋಲ್ ಪುಸ್ತಕ ತೆಗೆದರು. ಆಳುಗಳ ಹಾಜರಿ ಬರೆದು ಬರೆದು ಅವರಿಗೆ ಅದೊಂದು ಚಟ. ಮಗನಿಗೆ ಶುರುವಾದ ದಿನದಿಂದ ಅದರ ಖಾಲಿ ಹಾಳೆಗಳಲ್ಲಿ ಎಷ್ಟು ಹೊತ್ತು ಮಲಗಿದ, ಎಷ್ಟು ಸಲ ಎದ್ದ, ಊಟ ಎಷ್ಟು ಅಂತ ಬರೆದಿಟ್ಟಿದ್ದರು. ನಾನೇ ಎಷ್ಟೋ ಸಲ ಬೈದಿದ್ದೆ, ಮಗ ಏನು ಆಳಾ ಅಂತ. ಡಾಕ್ಟರು ಆ ಪುಸ್ತಕ ತಿರುಗಿಸುತ್ತಾ, ಇದಕ್ಕೆ ಮೊದಲು ಗಂಟಲು ನೋವು ಬಂದಿತ್ತಾ ಅಂದರು. ಚೆಕ್‌ರೋಲ್‌ನಲ್ಲಿ ಜೂನ್ 26ಕ್ಕೆ ರೈಟರ್ ರಜೆ ಅಂತ ಇತ್ತು. ಮಗನಿಗೆ ಜ್ವರ, ಗಂಟಲು ನೋವು ಬಂದು ಔಷಧಿಗೆ ಕರೆದುಕೊಂಡು ಹೋದ ದಿನ ಅದು. ಐದು ದಿನದ ಸಿರಪ್ ಕೊಟ್ಟಿದ್ದರು. ಎರಡನೇ ದಿನ ಜ್ವರ ಬಿಟ್ಟಿತು ಅಂತ ನಾನೇ ನಿಲ್ಲಿಸಿದ್ದೆ.

ಹದಿನಾರು ದಿನದ ಅಂತರ. ಇದನ್ನು ಪ್ಯಾಂಡಾಸ್ ಅನ್ನುತ್ತಾರೆ ಅಂದರು. ನಮ್ಮ ಯಜಮಾನರು “ಕರಡಿಯಾ ಡಾಕ್ಟ್ರೇ?” ಅಂತ ಕೇಳಿದಾಗ, ನಾಲ್ಕು ತಿಂಗಳಲ್ಲಿ ಮೊದಲ ಸಲ ನಾನು ನಕ್ಕೆ.

ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಮಕ್ಕಳ ಗಂಟಲಿಗೆ ಬರುವಂಥದ್ದು. ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಕೆಲವೇ ಕೆಲವು ಮಕ್ಕಳಲ್ಲಿ ಈ ಪ್ರತಿಕಾಯ ಗುರುತು ತಪ್ಪಿ ಮೆದುಳಿನ ಬೇಸಲ್ ಗ್ಯಾಂಗ್ಲಿಯಾ ಅನ್ನುವ ಜಾಗಕ್ಕೆ ತೊಂದರೆ ಕೊಡುತ್ತದೆ ಅಂತ ಅಂದಾಜು, ಕಾವಲು ನಾಯಿ ಕತ್ತಲಲ್ಲಿ ಮನೆಯವರನ್ನೇ ಕಚ್ಚಿದ ಹಾಗೆ. ನಮ್ಮ ಚಲನೆಯನ್ನು ಹದದಲ್ಲಿಡುವ ಜಾಗ ಅದು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ಜೊತೆಗಾರರು 1998ರಲ್ಲಿ 50 ಮಕ್ಕಳ ವಿವರ ಇಟ್ಟು ಇದನ್ನು ಬರೆದರು. ಮೂರು ವರ್ಷದಿಂದ ಮೈನೆರೆಯುವ ವಯಸ್ಸಿನೊಳಗೆ, ಇದ್ದಕ್ಕಿದ್ದಂತೆ ಶುರುವಾಗಬೇಕು. ಗೀಳು (ಚಿಲಕ ಮುಟ್ಟಲೇಬೇಕು ಅನ್ನುವಂಥದ್ದು) ಅಥವಾ ಟಿಕ್ಸ್ (ಕಣ್ಣು ಪಟಪಟ ಹೊಡೆಯುವಂಥ, ತಡೆಯಲಾಗದ ಚಲನೆ, ಸದ್ದು) ಇರಬೇಕು. ಸ್ಟ್ರೆಪ್ ಸೋಂಕಿನ ಜೊತೆ ನಂಟು ಕಾಣಬೇಕು. ಅವರ ಪಟ್ಟಿಯಲ್ಲೇ ಈ ವಿಪರೀತ ಓಡಾಟ, ಕೈಕಾಲು ಸುಮ್ಮನಿರದಿರುವುದು ಸೇರಿದೆ. ಸೋಂಕಿನ ನಂಟು ಸಿಗದಿದ್ದರೂ ಹೀಗೆ ದಿಢೀರನೆ ಬರುವುದಕ್ಕೆ 2012ರಲ್ಲಿ ಪ್ಯಾನ್ಸ್ ಅಂತ ದೊಡ್ಡ ಹೆಸರೊಂದನ್ನು ಇಟ್ಟರು. ಅದರಲ್ಲಿ ನಿದ್ದೆ ಕೆಡುವುದು, ಪದೇ ಪದೇ ಮೂತ್ರ, ಓದಿನಲ್ಲಿ ಹಿಂದೆ ಬೀಳುವುದು, ಅಕ್ಷರ ಕೆಡುವುದು ಎಲ್ಲಾ ಬರುತ್ತದೆ.

ಮನೆಗೆ ಬಂದು ಇದನ್ನು ಹೇಳಿದಾಗ ಆಶ್ಚರ್ಯಪಡದವರು ಅತ್ತೆ ಒಬ್ಬರೇ. ಅವರ ಅಕ್ಕನಿಗೆ ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲು ಊದಿ, ಕೊನೆಗೆ ಹಾರ್ಟ್ ವಾಲ್ವ್ ಹಾಳಾಗಿ, ಮೂರು ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದರಂತೆ. “ಗಂಟ್ಲಿಂದ ಎದೆಗೆ ಇಳೀತದೆ ಅಂದ್ರೆ ತಲೆಗೆ ಹತ್ತಕ್ಕೆ ಏನು?” ಅಂದರು. ರುಮ್ಯಾಟಿಕ್ ಜ್ವರ ಅದು, ಕಾರಣ ಇದೇ ಬ್ಯಾಕ್ಟೀರಿಯಾ. ಆ ಜ್ವರ ಬಂದ ಕೆಲವು ಮಕ್ಕಳ ಕೈಕಾಲು ತಾವಾಗಿ ಕುಣಿಯುತ್ತವೆ, ಸಿಡೆನ್‌ಹ್ಯಾಮ್ ಕೊರಿಯಾ ಅಂತ ಹೆಸರು, 17ನೇ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಬರೆದಿಟ್ಟದ್ದು. ಮಗನಿಗೂ ಅದೇ ಇರಬಹುದಾ ಅಂತ ನೋಡಲು ಎಕೋ ಮಾಡಿಸಿದರು. ಹೃದಯ ಸರಿ ಇತ್ತು.

ಒಂದು ವಿಷಯ ಸ್ಪಷ್ಟ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ನಿಮ್ಮ ಕ್ಲಿನಿಕ್‌ಗಳ ಮುಂದೆ ಜನ ಸಾಲು ನಿಂತಾರು. ಓಡಾಡುವ ಮಕ್ಕಳಿಗೆಲ್ಲಾ ಪ್ಯಾಂಡಾಸ್ ಇಲ್ಲ. ಬಹಳ ಅಪರೂಪ ಇದು. ಡಾಕ್ಟರುಗಳಲ್ಲೇ ಇದರ ಬಗ್ಗೆ ವಾದ ಮುಗಿದಿಲ್ಲ, ನಮ್ಮ ಡಾಕ್ಟರೇ ಅದನ್ನು ಮುಚ್ಚಿಡದೆ ಹೇಳಿದರು. ಇದಕ್ಕೆ ಅಂತಲೇ ಒಂದು ರಕ್ತ ಪರೀಕ್ಷೆ ಇಲ್ಲ. ಎಎಸ್‌ಒ ಟೆಸ್ಟ್ (ರಕ್ತದಲ್ಲಿ ಸ್ಟ್ರೆಪ್ ವಿರುದ್ಧದ ಪ್ರತಿಕಾಯ ಅಳೆಯುವುದು) ಮಾಡುತ್ತಾರೆ, ಆದರೆ ಅದು ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲೂ ಜಾಸ್ತಿ ಇರುತ್ತದೆ, ಒಂದು ಸಲ ಜಾಸ್ತಿ ಬಂದಿತು ಅಂತ ತೀರ್ಮಾನ ಮಾಡುವಂತಿಲ್ಲ. ಮಕ್ಕಳ ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್‌ನವು, ಅದಕ್ಕೆ ಆ್ಯಂಟಿಬಯೋಟಿಕ್ ಬೇಡವೇ ಬೇಡ. ದಯವಿಟ್ಟು ಯಾರೂ ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡಬೇಡಿ. ಅದಕ್ಕೇ ನಾನು ತಾರೀಖಿನ ಮಾತು ಆಡುತ್ತಿರುವುದು. ಪರೀಕ್ಷೆ ಹೇಳದ್ದನ್ನು ತಾರೀಖು ಹೇಳುತ್ತದೆ.

ಮಗನಿಗೆ ಹತ್ತು ದಿನದ ಪೂರ್ತಿ ಕೋರ್ಸ್ ಕೊಟ್ಟರು, ಗೀಳಿಗೆ ಬೇರೆ ಚಿಕಿತ್ಸೆ, ವಾರಕ್ಕೊಮ್ಮೆ ಫೋನಿನಲ್ಲಿ ಥೆರಪಿ. ಸಂಕ್ರಾಂತಿ ಹೊತ್ತಿಗೆ ಕೂತು ಉಣ್ಣುವಂತಾದ. ಶಾಲೆಗೂ ಹೋದ. 2024ರ ಫೆಬ್ರವರಿಯಲ್ಲಿ ತಂಗಿಗೆ ಗಂಟಲು ನೋವು ಬಂತು. ಈ ಸಲ ಎರಡನೇ ದಿನವೇ ಮೈಸೂರಿಗೆ ಕರೆದುಕೊಂಡು ಹೋಗಿ ಗಂಟಲಿಗೆ ಕಡ್ಡಿ ಹಾಕಿ ತೆಗೆಯುವ ಸ್ವ್ಯಾಬ್ ಕೊಡಿಸಿದೆವು, ಸ್ಟ್ರೆಪ್ ಅಂತ ಬಂತು. ಅಷ್ಟರಲ್ಲಿ ಇವನು ಮತ್ತೆ ಕಣಕ್ಕೆ ಇಳಿದಿದ್ದ. ಆಗ ರೋಬಸ್ಟಾ ಒಣಗಲು ಹಾಕಿದ ಸಮಯ. ಒಣಗುತ್ತಿದ್ದ ಕಾಫಿಯ ನಡುವೆ ಓಡಿ ಓಡಿ, ಸಾಹುಕಾರರ ಎದುರಿಗೇ ಅಷ್ಟೂ ಚೆಲ್ಲಾಡಿದ. ಅವರು ಒಳ್ಳೆಯವರು, ಏನೂ ಅನ್ನಲಿಲ್ಲ. ನಮ್ಮವರು ಆವತ್ತು ರಾತ್ರಿ ಟಾರ್ಚ್ ಹಿಡಿದು ಒಬ್ಬರೇ ಕಾಫಿ ಗುಡಿಸಿದರು. ಎರಡನೇ ಸಲದ್ದು ಆರು ವಾರದಲ್ಲಿ ತಗ್ಗಿತು. ಮೊದಲನೆಯದಕ್ಕೆ ಆರು ತಿಂಗಳು ಹಿಡಿದಿತ್ತು. ಈ ವ್ಯತ್ಯಾಸ ತಾರೀಖು ಗೊತ್ತಿದ್ದದ್ದರಿಂದ ಅಂತ ನಾನು ನಂಬುತ್ತೇನೆ.

ಕಾಯಿಲೆ ಮಗನದ್ದು, ಆದರೆ ಮನೆ ಪೂರ್ತಿ ಅದರೊಳಗೆ ಬದುಕಿತು. ತೋಟದ ಮನೆಯಲ್ಲಿ ಸುಮ್ಮನೆ ಕೂರದ ಮಗು ಅಂದರೆ ಏನು ಅಂತ ಪೇಟೆಯಲ್ಲಿ ಇರುವವರಿಗೆ ಹೇಳುವುದು ಕಷ್ಟ. ಇನ್ನೂರು ಹೆಜ್ಜೆ ಹೋದರೆ ಕೆರೆ. ಕತ್ತಲಾದರೆ ಆನೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಸಂಜೆ ಆರರ ಮೇಲೆ ನಾವು ದೊಡ್ಡವರೇ ಅಂಗಳ ದಾಟುವುದಿಲ್ಲ. ಬಾಗಿಲಿಗೆ ಒಳಗಿಂದ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಮಲಗುತ್ತಿದ್ದೆ. ಸರದಿಯಲ್ಲಿ ನಿದ್ದೆ. ಹನ್ನೆರಡರವರೆಗೆ ನಾನು ಎಚ್ಚರ, ಮೂರರವರೆಗೆ ಅತ್ತೆ, ಆಮೇಲೆ ಯಜಮಾನರು. ಎಪ್ಪತ್ತು ವರ್ಷದ ಹೆಂಗಸು ಮೊಮ್ಮಗನ ಹಿಂದೆ ನಡುರಾತ್ರಿ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ನಡೆಯುತ್ತಿದ್ದರು. ಮೊಣಕಾಲು ನೋವು ಅಂತ ಒಂದು ದಿನವೂ ಅನ್ನಲಿಲ್ಲ, ಅನ್ನದಿದ್ದರೆ ನೋವಿಲ್ಲ ಅಂತ ಅರ್ಥ ಅಲ್ಲ ಅಲ್ವಾ.

ನೆಂಟರ ಮನೆಗೆ ಹೋಗುವುದು ನಿಂತಿತು. ಆ ವರ್ಷ ಹುತ್ತರಿ ಹಬ್ಬಕ್ಕೆ ನಮ್ಮನ್ನು ಕರೆಯಲು ಬಂದವರು ಬಾಗಿಲಲ್ಲೇ ನಿಂತು ಮಾತಾಡಿ ಹೋದರು. ಗಂಡ ಹೆಂಡತಿ ನಡುವೆ ಮಾತು ಅಂದರೆ ಬರೀ ಲೆಕ್ಕ. ಮಲಗಿದನಾ, ಎಷ್ಟು ಗಂಟೆಗೆ, ಬೀಗ ಹಾಕಿದೆಯಾ. ನಮ್ಮವರ ರಜೆ ಮುಗಿಯಿತು, ಆಮೇಲೆ ಸಂಬಳ ಕಡಿತ. ಜೀಪು ಬಾಡಿಗೆ, ಬೆಂಗಳೂರಿನ ಲಾಡ್ಜು, ಟೆಸ್ಟುಗಳು ಅಂತ ನನ್ನ ಎರಡು ಬಳೆ ಹೋದವು. ಹೋಗಲಿ.

ನನಗೆ ಇವತ್ತಿಗೂ ಚುಚ್ಚುವುದು ಚಿಕ್ಕವಳದ್ದು. ಆಗ ಅವಳಿಗೆ ಐದು ವರ್ಷ. ಅಂಗನವಾಡಿಯಿಂದ ಬಂದವಳು ನೇರ ಒಳಗೆ ಬರುತ್ತಿರಲಿಲ್ಲ. ಕಿಟಕಿಯಲ್ಲಿ ಇಣುಕಿ ಅಣ್ಣ ಓಡುತ್ತಿದ್ದಾನಾ ಮಲಗಿದ್ದಾನಾ ನೋಡಿ, ಓಡುತ್ತಿದ್ದರೆ ಸೌದೆ ಕೊಟ್ಟಿಗೆಯಲ್ಲಿ ಕೂರುತ್ತಿದ್ದಳು. ಅವಳ ಗೊಂಬೆ, ಬಣ್ಣದ ಪೆನ್ಸಿಲ್ ಎಲ್ಲಾ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದಳು. ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಇಲಿ ಬಂದಿತ್ತು ಅಂತ ಡ್ರಮ್ ಸರಿಸಿದಾಗ. ಅವಳು ಆ ವರ್ಷ ಏನಾಡಿದಳು, ಏನು ಕಲಿತಳು ಅಂತ ಕೇಳಿದರೆ ನನಗೆ ನೆನಪೇ ಇಲ್ಲ. ಚೆಕ್‌ರೋಲ್‌ನಲ್ಲಿ ಅವಳ ಹೆಸರು ಇರಲಿಲ್ಲ.

ಮಾನ್ಯರೇ, ಈಗ ನನ್ನ ಕೋರಿಕೆಗೆ ಬರುತ್ತೇನೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಅವರ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದಯ ಕಾಯಿಲೆಯೂ ಇದೆ, ಎಡಿಎಚ್‌ಡಿಯೂ ಇದೆ. ಎರಡೂ ಇರುವ ಪಟ್ಟಿಗೆ ಒಂದು ಸಾಲು ಸೇರಿಸುವುದು ಕಷ್ಟವಾ? ಮಗು ಕೂರುವುದಿಲ್ಲ ಅಂತ ಬರೆಯುವ ಮೊದಲು ಯಾವತ್ತಿಂದ ಅಂತ ಕೇಳಲಿ. ಒಂದೆರಡು ದಿನದಲ್ಲಿ ದಿಢೀರನೆ ಶುರುವಾಗಿದ್ದರೆ, ಜೊತೆಗೆ ಗೀಳೋ ಟಿಕ್ಸೋ ಊಟ ಬಿಡುವುದೋ ಇದ್ದರೆ, ಕಾಯದೆ ಮಕ್ಕಳ ತಜ್ಞರಿಗೆ ಕಳಿಸಲಿ. ಅದು ಪ್ಯಾಂಡಾಸ್ ಆಗಿರದೆ ಬೇರೆ ಏನೋ ಇರಬಹುದು, ಆದರೂ ದಿಢೀರ್ ಬದಲಾದ ಮಗುವನ್ನು ಡಾಕ್ಟರು ನೋಡಲೇಬೇಕು ತಾನೇ.

ಗಂಟಲಿನ ಸ್ವ್ಯಾಬ್ ಪರೀಕ್ಷೆಗೆ ನಾವು ಮೈಸೂರಿಗೆ 120 ಕಿಲೋಮೀಟರ್ ಹೋಗಬೇಕಾಯಿತು. ಕೋವಿಡ್‌ನಲ್ಲಿ ಪ್ರತಿ ಹೋಬಳಿಯಲ್ಲೂ ಮೂಗಿಗೆ ಕಡ್ಡಿ ಹಾಕಿ ಮಾದರಿ ತೆಗೆದು ಕಳಿಸಿದ ಸಿಬ್ಬಂದಿಯೇ ಇದ್ದಾರೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ತಾಲ್ಲೂಕಿನಲ್ಲಿ ಮಾದರಿ ತೆಗೆದು ಮಡಿಕೇರಿಗೆ ಕಳಿಸುವ ಏರ್ಪಾಡು ಮಾಡಿಕೊಡಿ, ಕನಿಷ್ಠ ಜೂನ್‌ನಿಂದ ಸೆಪ್ಟೆಂಬರ್ ತನಕ. ಆ ನಾಲ್ಕು ತಿಂಗಳು ನಮ್ಮ ಮಕ್ಕಳು ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬರಿಗೊಬ್ಬರು ಅಂಟಿ ಕೂತಿರುತ್ತಾರೆ, ಒಬ್ಬನ ಗಂಟಲು ಇಡೀ ಕ್ಲಾಸಿನ ಗಂಟಲಾಗುತ್ತದೆ. ಸ್ಟ್ರೆಪ್ ಅಂತ ಗೊತ್ತಾದರೆ ಕೋರ್ಸ್ ಪೂರ್ತಿ ಮುಗಿಸಬೇಕು, ಜ್ವರ ಬಿಟ್ಟಿತು ಅಂತ ನಿಲ್ಲಿಸಬಾರದು ಅಂತ ಆಶಾ ಅಕ್ಕಂದಿರು ಮನೆಮನೆಗೆ ಹೇಳಲಿ. ನನ್ನಂಥ ದಡ್ಡಿಯರು ಇನ್ನೂ ಇದ್ದಾರೆ.

ಶಿಕ್ಷಣ ಇಲಾಖೆಯವರಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, 17ರ ಪ್ರಕಾರ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಸರಿಯಾಗುವ ತನಕ ಮನೆಯಲ್ಲಿಟ್ಟುಕೊಳ್ಳಿ ಅನ್ನುವ ಮೆತ್ತನೆ ಮಾತೂ ಹೊರಹಾಕುವುದೇ ಅಂತ ಶಾಲೆಗಳಿಗೆ ಒಂದು ಸುತ್ತೋಲೆ ಬರೆಯಿರಿ. ಟೀಚರ್‌ಗಳನ್ನು ದೂರಿ ಪ್ರಯೋಜನವಿಲ್ಲ, ನಲವತ್ತು ಮಕ್ಕಳ ನಡುವೆ ಒಂದು ಮಗು ಬೆಂಚು ಹತ್ತಿದರೆ ಅವರೇನು ಮಾಡಿಯಾರು. ಅವರಿಗೆ ಏನು ಮಾಡಬಹುದು ಅಂತ ಯಾರಾದರೂ ಹೇಳಿಕೊಡಬೇಕು. ಈಗಿರುವ ಕ್ಲಾಸ್ ಟೀಚರ್ ಯಾರೂ ಹೇಳಿಕೊಡದೆಯೇ ಒಂದು ಉಪಾಯ ಮಾಡಿದ್ದಾರೆ. ಇವನಿಗೆ ಕಾಲು ಕಚಗುಳಿ ಇಟ್ಟಾಗ ಹಾಜರಿ ಪುಸ್ತಕ ಕೊಟ್ಟು ಆಫೀಸಿಗೆ ಕಳಿಸುತ್ತಾರೆ. ಓಡಿ ಹೋಗಿ ಓಡಿ ಬರುತ್ತಾನೆ. ಮೂತ್ರಕ್ಕೆ ಕೇಳದೆ ಎದ್ದು ಹೋಗಬಹುದು. ಅಕ್ಷರ ಕೆಟ್ಟ ವಾರ ಬಾಯಲ್ಲಿ ಉತ್ತರ ಹೇಳಿಸಿಕೊಳ್ಳುತ್ತಾರೆ. ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. ತಿಂಗಳಿಗೆ ಒಂದು ಮಂಗಳವಾರವನ್ನು ಮಕ್ಕಳಿಗೆ ಅಂತಲೇ ಮೀಸಲಿಡಿ, ಅವತ್ತು ಮಕ್ಕಳ ಡಾಕ್ಟರೂ ಜೊತೆಗೆ ಕೂರಲಿ. ಈ ಕಾಯಿಲೆ ಇಬ್ಬರ ಮೇಜಿನ ನಡುವೆ ಬೀಳುವಂಥದ್ದು, ನಮ್ಮನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿದ್ದೇ ಅದಕ್ಕೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಶಾಲೆಯ ಗೋಡೆಗೆ ದೊಡ್ಡದಾಗಿ ಬರೆಸಿ. ರಾತ್ರಿ ಎರಡು ಗಂಟೆಗೆ ನಾನು ಆ ನಂಬರಿಗೆ ಫೋನ್ ಮಾಡಬಹುದಿತ್ತು, ಗೊತ್ತಿರಲಿಲ್ಲ. ಬಂದ ಮಗುವಿನ ಜೊತೆ ಮನೆಯಲ್ಲಿ ಇನ್ನೊಂದು ಮಗು ಇದೆಯಾ, ಅದು ಹೇಗಿದೆ ಅಂತಲೂ ಯಾರಾದರೂ ಕೇಳಲಿ.

ನಮ್ಮ ಚೆಕ್‌ರೋಲ್ ಪುಸ್ತಕದ ಜೆರಾಕ್ಸ್ ತಾಲ್ಲೂಕು ಕಚೇರಿಗೋ ಮಡಿಕೇರಿಗೋ ಎಲ್ಲಿಗೆ ಕೊಡಬೇಕು ಹೇಳಿದರೆ ತಂದು ಕೊಡುತ್ತೇವೆ, ಡಾಕ್ಟರು ಬರೆದ ಕಾಗದಗಳೂ ಇವೆ. ಕರೆಯುವುದಾದರೆ ಡಿಸೆಂಬರ್ ಒಳಗೆ ಕರೆಯಿರಿ. ಆಮೇಲೆ ಕಾಫಿ ಕೊಯ್ಲು, ನಮ್ಮವರಿಗೆ ರಜೆ ಸಿಗುವುದಿಲ್ಲ, ನಾನೊಬ್ಬಳೇ ಎರಡು ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬರಬೇಕಾಗುತ್ತದೆ.

ಇಂತಿ,
ತೋಟದ ರೈಟರ ಮನೆಯಾಕೆ, ಇಬ್ಬರು ಮಕ್ಕಳ ತಾಯಿ
ಸೋಮವಾರಪೇಟೆ ತಾಲ್ಲೂಕು, ಕೊಡಗು